ಅಜ್ಜಾರ ಜವಳ ಮತ್ತು ನನ್ನ ತಲೆ

ತಪ್ಪು ಯಾರದು ಎಂದು ಬರೆಯುವ ಮೊದಲು ಪಾಲಿಸಬೇಕಾದ ಕೆಲವು ಕಟ್ಟುಪಾಡುಗಳು ನಮ್ಮ ವೃತ್ತಿಯಲ್ಲಿವೆ. ಎರಡೂ ಕಡೆಯವರ ಮಾತು ಕೇಳಬೇಕು. ಕಣ್ಣಾರೆ ಕಂಡವರು ಇದ್ದಾರೆಯೇ ಎಂದು ವಿಚಾರಿಸಬೇಕು. ನ್ಯಾಯಾಲಯ ತೀರ್ಪು ಕೊಡುವವರೆಗೆ ಕಳ್ಳನನ್ನೂ ಕಳ್ಳ ಎನ್ನುವಂತಿಲ್ಲ, ಆರೋಪಿ ಎನ್ನಬೇಕು. ಬೈಲಹೊಂಗಲದಲ್ಲಿ ಕುಳಿತು ಜಿಲ್ಲೆಯ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತ ಬಂದಿರುವ ನಾನು ಈ ಕಟ್ಟುಪಾಡುಗಳನ್ನು ಮೀರಿದವನಲ್ಲ. ಕೋಳಿ ಕದ್ದವನ ಬಗ್ಗೆ ಬರೆಯುವಾಗಲೂ ‘ಕದ್ದಿದ್ದಾನೆ ಎನ್ನಲಾಗಿದೆ’ ಎಂದೇ ಬರೆದಿದ್ದೇನೆ, ಕೋಳಿ ಅವನ ಕಂಕುಳಲ್ಲೇ ಇದ್ದರೂ. ಆದರೆ ಚಿಕ್ಕ ಮಗುವೊಂದು ಓಡಾಡುವ ಮನೆಯಲ್ಲಿ ಈ ಯಾವ ನ್ಯಾಯವೂ ನಡೆಯುವುದಿಲ್ಲ. ಅಲ್ಲಿ ಏನು ಒಡೆಯಲಿ, ಏನು ಚೆಲ್ಲಲಿ, ಏನು ನೀರಿಗೆ ಬೀಳಲಿ, ಆ ಹೊತ್ತಿಗೆ ಮಗುವಿನ ಹತ್ತಿರ ಇದ್ದವರಲ್ಲಿ ಅತ್ಯಂತ ಎತ್ತರದ ಮನುಷ್ಯನೇ ಅಪರಾಧಿ. ವಿಚಾರಣೆ ಇಲ್ಲ, ಸಾಕ್ಷಿ ಇಲ್ಲ, ಮೇಲ್ಮನವಿಯಂತೂ ಇಲ್ಲವೇ ಇಲ್ಲ. ನಮ್ಮ ಮನೆಯಲ್ಲಿ ನನಗಿಂತ ಎತ್ತರದವರು ಯಾರೂ ಇಲ್ಲ ಎಂಬುದು ನನ್ನ ದುರ್ದೈವ.

ಮಗು ನನ್ನ ತಂಗಿ ಗೀತಾಳದು. ಅವಳನ್ನು ಮನೋಳಿಗೆ ಕೊಟ್ಟಿದ್ದೇವೆ. ಮಗುವಿಗೆ ಎರಡು ತುಂಬಿ ಮೂರು ನಡೆಯುತ್ತಿದೆ. ತೀರಿಕೊಂಡ ಅಜ್ಜನ ಹೆಸರನ್ನು, ಬಸವಂತಪ್ಪ ಎಂದು, ಅದಕ್ಕೆ ಇಟ್ಟಿದ್ದಾರೆ. ಇದರಲ್ಲಿ ಒಂದು ತೊಡಕಿದೆ. ಮಗುವಿನ ಅಜ್ಜಿ, ಅಂದರೆ ಗೀತಾಳ ಅತ್ತೆ, ನೀಲವ್ವನವರಿಗೆ ಅದು ಗಂಡನ ಹೆಸರು, ಬಾಯಿಬಿಟ್ಟು ಹೇಳುವಂತಿಲ್ಲ. ಗೀತಾಳಿಗೆ ಮಾವನ ಹೆಸರು, ಹೇಳಿದರೂ ಏಕವಚನದಲ್ಲಿ ಹೇಳುವಂತಿಲ್ಲ. ಹಾಗಾಗಿ ಹೆಸರಿಟ್ಟ ದಿನದಿಂದಲೇ ಈ ವ್ಯಕ್ತಿ ‘ಅಜ್ಜಾರು’. “ಅಜ್ಜಾರ, ಚಡ್ಡಿ ಹಾಕ್ಕೊಳ್ರಿ.” “ಅಜ್ಜಾರು ಚಾಪಿ ಮ್ಯಾಲ ಉಚ್ಚಿ ಹೊಯ್ದಾರ, ಒಂದ ಅರಿಬಿ ತಾ ಅಣ್ಣಾ.” ಈ ಎರಡನೆಯ ವಾಕ್ಯವನ್ನು ಓದುಗರು ಗಮನಿಸಬೇಕು. ಚಾಪೆ ಹಾಳು ಮಾಡಿದವರಿಗೆ ಬಹುವಚನ, ಒರೆಸಲು ಬಟ್ಟೆ ತರಬೇಕಾದವನಿಗೆ ಏಕವಚನ. ತಹಶೀಲ್ದಾರರು ನನ್ನನ್ನು ‘ಬರ್ರಿ’ ಎನ್ನುತ್ತಾರೆ, ಪೊಲೀಸರು ‘ಕುಂತ್ರಿ’ ಎನ್ನುತ್ತಾರೆ. ಹೆಂಡತಿ ಬಯ್ಯುವಾಗಿನ ‘ರಿ’ ಬಿಟ್ಟರೆ, ನನ್ನ ಸ್ವಂತ ಮನೆಯಲ್ಲಿ ಬಹುವಚನವೆಲ್ಲ ನನ್ನ ಮೊಣಕಾಲಿನ ಸುತ್ತಮುತ್ತಲೇ ಮುಗಿದುಹೋಗುತ್ತದೆ.

ಅಜ್ಜಾರು ತಾಯಿಯ ಜೊತೆ ನಮ್ಮ ಮನೆಗೆ ಬಂದು ಇನ್ನೂ ವಾರವಾಗಿರಲಿಲ್ಲ. ಅಷ್ಟರಲ್ಲಿ ಅವರ ಸಂಶೋಧನೆಗಳು ಮನೆಯ ಎಲ್ಲ ವಿಭಾಗಗಳನ್ನೂ ಮುಟ್ಟಿದ್ದವು. ನನ್ನ ಮೊಬೈಲಿನ ಚಾರ್ಜರನ್ನು ತುಳಸಿ ಕುಂಡದಲ್ಲಿ ನೆಟ್ಟು, ಬೇರು ಬಿಡಲಿ ಎಂದು ನೀರು ಹಾಕಿದರು. ಟಿವಿಯ ರಿಮೋಟು ರೊಟ್ಟಿ ಬುಟ್ಟಿಯಲ್ಲಿ, ಎರಡು ರೊಟ್ಟಿಗಳ ನಡುವೆ, ಬಿಸಿಯಾಗಿ ಸಿಕ್ಕಿತು. ಇವನ್ನೆಲ್ಲ ನಾನು ಸಹಿಸಿಕೊಂಡೆ. ಸಹಿಸಲಾಗದ್ದು ಶೇಂಗಾ ಹಿಂಡಿಯ ಪ್ರಕರಣ. ನನ್ನ ಹೆಂಡತಿ ಶೋಭಾ ಬಟ್ಟೆ ಒಗೆಯುವ ಯಂತ್ರಕ್ಕೆ ಸೋಪಿನ ಪುಡಿ ಹಾಕುವುದನ್ನು ಅಜ್ಜಾರು ನಿಂತು ನೋಡಿದ್ದರು. ಮರುದಿನ, ಆ ಕೆಲಸವನ್ನು ತಾವೇ ಮಾಡಿದರಾಯಿತು ಎಂದು, ಬೆಳ್ಳುಳ್ಳಿ, ಕೆಂಪು ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿಯನ್ನು ತಂದು ಪೂರ್ತಿ ಸುರಿದರು. ನನ್ನ ಬಿಳಿ ಅಂಗಿಗಳು ಕೇಸರಿ ಬಣ್ಣಕ್ಕೆ ತಿರುಗಿದವು. ಮತ್ತೆ ಒಗೆದರೂ ಬಣ್ಣ ಹೋಯಿತೇ ಹೊರತು ವಾಸನೆ ಹೋಗಲಿಲ್ಲ. ಅದೇ ಅಂಗಿಯಲ್ಲಿ ಸುದ್ದಿಗೋಷ್ಠಿಯೊಂದಕ್ಕೆ ಹೋದೆ. ಪಕ್ಕದಲ್ಲಿ ಕುಳಿತ ವರದಿಗಾರರು ಎರಡು ಸಲ ಮೂಗರಳಿಸಿ, “ಇವತ್ತ ಊಟದ ವ್ಯವಸ್ಥಾನೂ ಮಾಡ್ಯಾರೇನ್ರಿ?” ಎಂದು ಆಸೆಯಿಂದ ಕೇಳಿದರು. ಮನೆಗೆ ಬಂದು ಈ ಅವಮಾನವನ್ನು ಹೇಳಿಕೊಂಡರೆ ಸಿಕ್ಕ ತೀರ್ಪು: ಯಂತ್ರದ ಮುಚ್ಚಳ ತೆರೆದಿಟ್ಟವನು ನಾನು.

ಇನ್ನು ಮುಖ್ಯ ಪ್ರಕರಣಕ್ಕೆ ಬರುತ್ತೇನೆ. ಗೀತಾ ಬಂದಿದ್ದೇ ಮಗುವಿನ ಜವಳಕ್ಕಾಗಿ. ಹುಟ್ಟುಗೂದಲನ್ನು ಮೊದಲ ಸಲ ತೆಗೆಸುವ ಶಾಸ್ತ್ರ ಅದು. ಶುಕ್ರವಾರ ಸವದತ್ತಿಯ ಗುಡ್ಡದಲ್ಲಿ ಯಲ್ಲಮ್ಮನಿಗೆ ಕೂದಲು ಕೊಡಬೇಕು, ಮಗು ತಾಯಿಯ ತವರಿನಿಂದ ಹೊಸ ಬಟ್ಟೆ ಉಟ್ಟು ಹೊರಡಬೇಕು, ಸೋದರಮಾವ ತೊಡೆಯ ಮೇಲೆ ಕೂಡಿಸಿಕೊಂಡು ವೀಳ್ಯದೆಲೆ ಹಿಡಿದು ಮೊದಲ ಕತ್ತರಿ ಹಾಕಬೇಕು, ಆಮೇಲೆ ಉಳಿದದ್ದನ್ನು ಕ್ಷೌರದವರು ಬೋಳಿಸುತ್ತಾರೆ. ಹರಕೆ ನೀಲವ್ವನವರದು. ಮಗು ತಿಂಗಳು ತುಂಬದೆ ಹುಟ್ಟಿತ್ತು, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಬಹಳ ದಿನ ಇತ್ತು. ಆಗ ಅವರು ಬೇಡಿಕೊಂಡಿದ್ದರು: ಕೂಸು ಉಳಿದರೆ ಕತ್ತರಿ ಸೋಕದ ಕೂದಲನ್ನು ತಾಯಿ ಯಲ್ಲಮ್ಮನಿಗೆ ಕೊಡುತ್ತೇನೆ. ಅಂದಿನಿಂದ ಆ ತಲೆಯನ್ನು ಮನೋಳಿಯ ಮನೆಯಲ್ಲಿ ಕಾದ ಬಗೆ ನೋಡಬೇಕು. ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಎರಡು ಜಡೆ ಹೆಣೆದು, ಕೆಂಪು ರಿಬ್ಬನ್ ಕಟ್ಟಿ, ಬಸ್ಸಿನಲ್ಲಿ ಕಂಡವರೆಲ್ಲ “ಏನವ್ವಾ ನಿನ್ನ ಹೆಸರು?” ಎಂದು ಕೇಳುವಂತೆ ಬೆಳೆಸಿದ್ದರು. ಕೇಳಿದವರಿಗೆ ಅಜ್ಜಾರು ಚಡ್ಡಿ ಇಳಿಸಿ ಉತ್ತರ ಕೊಡುತ್ತಿದ್ದರು.

ಬುಧವಾರ ಬೆಳಿಗ್ಗೆ ನಾನು ಪಡಸಾಲೆಯಲ್ಲಿ ಕುಳಿತು ನನ್ನ ವರದಿಗಳನ್ನು ಪತ್ರಿಕೆಯಿಂದ ಕತ್ತರಿಸಿ ಹಾಳೆಗೆ ಅಂಟಿಸುತ್ತಿದ್ದೆ. ಹಳೆಯ ಅಭ್ಯಾಸ. ಈಗ ಎಲ್ಲವೂ ಮೊಬೈಲಿನಲ್ಲೇ ಸಿಗುತ್ತದೆ ಎಂದು ಶೋಭಾ ಹೇಳುತ್ತಲೇ ಇರುತ್ತಾಳೆ, ನಾನು ಕೇಳುವುದಿಲ್ಲ. ಅಜ್ಜಾರು ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತು ನೋಡುತ್ತಿದ್ದರು.

“ಮಾಮಾ, ಏನ ಮಾಡಾಕತ್ತೀ?”

ಅವರಿಂದಲೂ ನನಗೆ ಏಕವಚನವೇ ಬಂತು, ಇರಲಿ. ಕೇಳಿದವರಿಗೆ ಪೂರ್ಣ ಮಾಹಿತಿ ಕೊಡುವುದು ನನ್ನ ಸ್ವಭಾವ. “ನೋಡೋ, ಚಂದ ಇದ್ದದ್ದನ್ನ ಹಿಂಗ ಕತ್ತರಸಬೇಕು. ಹಿಂಗ ಅಂಟ ಹಚ್ಚಬೇಕು. ಎಲ್ಲಿ ಬೇಕೋ ಅಲ್ಲಿ ಹಚ್ಚಿ, ಹಿಂಗ ಒತ್ತಿ ಹಿಡಿಬೇಕು. ಆಮ್ಯಾಲ ಅದು ಎಂದೂ ಕಳಿಯೂದಿಲ್ಲ” ಎಂದು ಮಾಡಿ ತೋರಿಸಿದೆ. ಅಷ್ಟರಲ್ಲಿ ಬೆಳಗಾವಿಯ ಕಚೇರಿಯಿಂದ ಫೋನು ಬಂತು. ಕಿತ್ತೂರ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಮಗುಚಿದೆಯಂತೆ, ನಿಜವೇ ಎಂದು ಕೇಳಿದರು. ಮನೆಯೊಳಗೆ ಸಿಗ್ನಲ್ ಸರಿ ಸಿಗುವುದಿಲ್ಲ. ಕಟ್ಟೆಯ ಮೇಲೆ ನಿಂತು ಇಬ್ಬರಿಗೆ ಫೋನು ಮಾಡಿ ವಿಚಾರಿಸಿ, ಟ್ರ್ಯಾಕ್ಟರ್ ಮಗುಚಿಲ್ಲ, ಚಾಲಕ ಚಹಾ ಕುಡಿಯಲು ಓರೆಯಾಗಿ ನಿಲ್ಲಿಸಿದ್ದಾನೆ ಎಂದು ಖಚಿತಪಡಿಸಿಕೊಂಡೆ. ಸುಳ್ಳು ಸುದ್ದಿಯೊಂದನ್ನು ತಡೆದ ತೃಪ್ತಿಯಿಂದ ಒಳಗೆ ಬಂದೆ.

ಅಜ್ಜಾರ ಹಣೆಯ ಮೇಲೆ ಬೀಳುತ್ತಿದ್ದ ಮುಂಗೂದಲು ಅಲ್ಲಿರಲಿಲ್ಲ. ಅದು ನನ್ನ ಹಾಳೆಯ ಮೇಲಿತ್ತು. ಹಾಳೆಯಲ್ಲಿ ನಮ್ಮ ತಾಲೂಕಿನ ಮಾಜಿ ಮುಖಂಡರೊಬ್ಬರು ಕುಡಿಯುವ ನೀರಿನ ಘಟಕ ಉದ್ಘಾಟಿಸುವ ಚಿತ್ರವಿತ್ತು. ಮುಖಂಡರದು ಪೂರ್ತಿ ಬೋಳು ತಲೆ. ಆ ತಲೆಯ ನಟ್ಟನಡುವೆ, ಧಾರಾಳವಾಗಿ ಅಂಟು ಹಚ್ಚಿ, ಹುಟ್ಟುಗೂದಲಿನ ಗೊಂಚಲನ್ನು ಕೂಡಿಸಿ, ಅಜ್ಜಾರು ಎರಡೂ ಅಂಗೈಯಿಂದ ಒತ್ತಿ ಹಿಡಿದಿದ್ದರು. ವರದಿಗಾರನಾಗಿ ನಿಜ ಹೇಳಬೇಕೆಂದರೆ, ಮುಖಂಡರಿಗೆ ಅದು ಒಪ್ಪಿತ್ತು. ಹತ್ತು ವರ್ಷ ಚಿಕ್ಕವರಂತೆ ಕಾಣುತ್ತಿದ್ದರು.

ಅಡಿಗೆಮನೆಯಲ್ಲಿ ಶೇಂಗಾ ಹುರಿಯುತ್ತಿದ್ದ ಗೀತಾ ಬಂದು ನೋಡಿದಳು. ಅವಳ ಮೊದಲ ಮಾತನ್ನು ಇದ್ದದ್ದು ಇದ್ದಂತೆ ದಾಖಲಿಸುತ್ತೇನೆ: “ಅಯ್ಯಯ್ಯ ಅಣ್ಣಾ! ಏನ ಮಾಡಿಟ್ಟಿಯೋ!”

ನಾನು ಏನು ಮಾಡಿದ್ದೆ? ಕತ್ತರಿ ಇನ್ನೂ ಅವರ ಕೈಯಲ್ಲೇ ಇತ್ತು. ಬೆರಳಿಗೆಲ್ಲ ಅಂಟು ಮೆತ್ತಿತ್ತು, ಅಂಟಿಗೆ ಕೂದಲು ಮೆತ್ತಿತ್ತು. ಇದಕ್ಕಿಂತ ಸ್ಪಷ್ಟವಾದ ಪ್ರಕರಣವನ್ನು ನಾನು ಕಂಡಿಲ್ಲ. ಅಷ್ಟರಲ್ಲಿ ಶೋಭಾ ಬಂದಳು.

“ಕತ್ತರಿ ಹಿಂಗ ಚೆಲ್ಲಿ ಫೋನಿನ್ಯಾಗ ಹರಟಿ ಹೊಡಕೋತ ನಿಂತ್ರಲ್ಲ, ಬುದ್ಧಿ ಐತೇನ್ರಿ ನಿಮಗ?” ಎಂದು ನನಗೆ ಹೇಳಿ, ಅದೇ ಉಸಿರಿನಲ್ಲಿ ದನಿ ಬೆಣ್ಣೆ ಮಾಡಿಕೊಂಡು, “ಅಜ್ಜಾರ, ಎಲ್ಲ್ಯರ ಚುಚ್ಚೇತೇನ್ರಿ? ಕೈ ತೋರಸ್ರಿ. ಇಲ್ಲಾ? ಅಯ್ಯ, ನನ್ನ ಬಂಗಾರ!” ಎಂದಳು.

“ಕತ್ತರಿಸಿದಾವ ಅವ” ಎಂದೆ.

“ಅದಕ್ಕೇನ ತಿಳೀತೈತಿ? ಕೂಸು.”

“ಕೂಸಾದ್ರ ಮತ್ತ ಅಜ್ಜಾರ ಅಂತ್ಯಾಕ ಕರಿತೀರಿ?”

ಗೀತಾ ಅಜ್ಜಾರ ಕೈಯಿಂದ ಕತ್ತರಿ ಬಿಡಿಸಿಕೊಂಡು ನನ್ನ ಕೈಗೆ ತುರುಕಿದಳು.

ಮೊದಲು ಆಗಬೇಕಾದದ್ದು ಕೂದಲಿನ ಬಿಡುಗಡೆ. ಒಂದು ಎಳೆಯೂ ಕಡಿಮೆಯಾಗುವಂತಿಲ್ಲ, ಎಲ್ಲವೂ ದೇವಿಗೆ ಸಲ್ಲಬೇಕು. ಶೋಭಾ ಪಾತ್ರೆಯಲ್ಲಿ ನೀರು ಕುದಿಸಿ ಹಾಳೆಯನ್ನು ಉಗಿಗೆ ಹಿಡಿದಳು. ‘ಎಂದೂ ಕಳಿಯೂದಿಲ್ಲ’ ಎಂದು ನಾನು ಹೊಗಳಿದ್ದ ಅಂಟು ತನ್ನ ಮಾತು ಉಳಿಸಿಕೊಂಡಿತು. ಕೂದಲು ಬಂತು, ಆದರೆ ಮುಖಂಡರ ತಲೆ ಹುಬ್ಬಿನವರೆಗೆ ಜೊತೆಗೇ ಬಂತು. ಗೀತಾ ನೀರಿನಲ್ಲಿ ನೆನೆಸಿ, ಉಗುರಿನಿಂದ ಕೆರೆದು, ಕಾಗದ ಹೋದಷ್ಟು ಹೋಯಿತು ಎಂದು ಅರಿಷಿಣ ಹಚ್ಚಿದ ಬಟ್ಟೆಯಲ್ಲಿ ಗೊಂಚಲನ್ನು ಸುತ್ತಿಟ್ಟಳು. ಮುಖಂಡರ ಹಣೆಯ ಸ್ವಲ್ಪ ಭಾಗ ಅದರಲ್ಲಿ ಉಳಿದೇ ಇತ್ತು. ಹಾಳಾದ ನನ್ನ ವರದಿಯ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ.

ಆಮೇಲೆ ಗೀತಾ ಕಟ್ಟೆಯ ಮೇಲೆ ಕುಳಿತು ಅಳತೊಡಗಿದಳು. “ನಮ್ಮತ್ತಿಗೆ ಏನಂತ ಹೇಳ್ಲಿ ಅಣ್ಣಾ? ಎರಡ ವರ್ಷದಿಂದ ಆ ತಲಿಗೆ ಕತ್ತರಿ ಗಾಳಿ ಸುದ್ದಾ ಸೋಕಿಸಿಲ್ಲ. ಕೂಸಿನ ಕೈಯಾಗ ಕತ್ತರಿ ಇದ್ದಾಗ ನಾ ಒಳಗ ಶೇಂಗಾ ಹುರಿಯಾಕತ್ತಿದ್ನಿ ಅಂತ ಗೊತ್ತಾದ್ರ ಮುಗೀತು. ಬಯ್ದ್ರ ನಡೀತಿತ್ತು. ಆಕಿ ಬಯ್ಯೂದಿಲ್ಲ, ಮಾತ ಬಿಡ್ತಾಳು. ಮ್ಯಾಲ, ಹರಕಿ ಕೆಟ್ಟಿತು ಅಂತ ಮನಸ್ಸಿಗೆ ಹಚ್ಚಿಕೊಂಡ ಕುಂತ್ರ?”

ಅಳು ಕೇಳಿ ಎದುರು ಮನೆಯ ಗಂಗವ್ವ ಬಂದಳು. ಓಣಿಯಲ್ಲಿ ಯಾವ ಶಾಸ್ತ್ರಕ್ಕೆ ಯಾವ ಎಲೆ, ಯಾವ ಕಾಯಿ ಎಂದು ಹೇಳುವವಳು ಅವಳೇ. ಎಲ್ಲ ಕೇಳಿಸಿಕೊಂಡು, ಅಡಿಕೆ ಬಾಯಿಗೆ ಹಾಕಿಕೊಂಡು, ನನ್ನತ್ತ ತಿರುಗಿದಳು.

“ಜವಳಕ್ಕ ಮೊದಲ ಕತ್ತರಿ ಯಾರ ಹಚ್ಚಬೇಕೋ ತಮ್ಮಾ?”

“ಸೋದರಮಾವ.”

“ಈ ಕತ್ತರಿ ಯಾರದು?”

“ನಂದು.”

“ಮನಿ?”

“ನಂದ.”

“ಮತ್ತೇನೈತಿ? ಮಾವನ ಮನ್ಯಾಗ ಮಾವನ ಕತ್ತರಿ ಹತ್ತೇತಿ. ಶಾಸ್ತ್ರ ಆತು. ನಾನ ಹಚ್ಚಿದ್ನಿ ಅಂತ ಹೇಳು. ಒಂದೀಟ ಅವಸರ ಆತು ಅನ್ನು. ಮಾವ ಹಚ್ಚಿದ್ದಕ್ಕ ಯಾವ ದೇವಿನೂ ಸಿಟ್ಟಾಗೂದಿಲ್ಲ.”

ನಾನು ಎದ್ದು ನಿಂತೆ. ಮಾಡದ್ದನ್ನು ಮಾಡಿದೆ ಎಂದು ಹೇಳಲಾರೆ, ಓರೆಯಾಗಿ ನಿಂತ ಟ್ರ್ಯಾಕ್ಟರನ್ನು ಮಗುಚಿತು ಎಂದು ಬರೆಯದವನು ನಾನು, ಇದು ಪತ್ರಿಕಾಧರ್ಮಕ್ಕೆ ವಿರುದ್ಧ ಎಂದು ಸಾಕಷ್ಟು ಚೆನ್ನಾಗಿಯೇ ಮಾತಾಡಿದೆ. ಗಂಗವ್ವ ಬಾಯೊಳಗಿನ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, “ತಂಗಿ ಅಳಾಕತ್ತಾಳ, ಇಂವ ಭಾಷಣ ಮಾಡಾಕತ್ತಾನ” ಎಂದಳು. ಗೀತಾ ಮುಖ ಎತ್ತಿ ನೋಡಿದಳು. ಚಿಕ್ಕಂದಿನಲ್ಲಿ ಜೋಕಾಲಿ ತುಸು ಹೆಚ್ಚು ಜೀಕಿದರೂ ಹೀಗೆಯೇ ನೋಡುತ್ತಿದ್ದಳು. ಅಜ್ಜಾರು ಅವಳ ಪಕ್ಕದಲ್ಲಿ ಕುಳಿತು, ಒಂದು ಜಡೆಯ ರಿಬ್ಬನ್ನಿನ ತುದಿಯನ್ನು ಚೀಪುತ್ತಿದ್ದರು. ನಾನು ಒಪ್ಪಿಕೊಂಡೆ. ಒಪ್ಪಿಗೆಯಲ್ಲಿ ನನ್ನ ವಿರೋಧವನ್ನೂ ಸೇರಿಸಿಯೇ ಒಪ್ಪಿಕೊಂಡೆ, ಆದರೆ ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಶುಕ್ರವಾರ ಗುಡ್ಡಕ್ಕೆ ಹೋದೆವು. ನೀಲವ್ವನವರು ಮಗನ ಜೊತೆ ಮನೋಳಿಯಿಂದ ನೇರವಾಗಿ ಬಂದಿದ್ದರು. ಅಜ್ಜಾರ ತಲೆಗೆ ಗೀತಾ ಟೊಪ್ಪಿಗೆ ಹಾಕಿದ್ದಳು. ದಾರಿಯುದ್ದಕ್ಕೂ ಅದನ್ನು ತಲೆಯ ಮೇಲೆ ಇಟ್ಟುಕೊಂಡಿದ್ದ ಅಜ್ಜಾರು, ಅಜ್ಜಿಯನ್ನು ಕಂಡ ಕೂಡಲೇ ಕಿತ್ತು ಗಾಳಿಗೆ ಎಸೆದರು. ನೀಲವ್ವನವರ ಕೈ ಮಗುವಿನ ಹಣೆಯ ಹತ್ತಿರ ನಿಂತಿತು.

“ಇದೇನವ್ವಾ ಗೀತಾ?”

ನಾನು ಮುಂದೆ ಬಂದೆ. “ನಾನ ಕತ್ತರಸಿದ್ನಿರಿ ಅವ್ವಾರ. ಒಂದೀಟ ಅವಸರ ಆತ್ರಿ.” ನಾವಿನ್ನೂ ವಾಹನ ನಿಲ್ಲಿಸಿದ ಜಾಗದಲ್ಲಿಯೇ ಇದ್ದೆವು. ಗುಡಿ ದೂರವಿತ್ತು ಎಂಬುದೊಂದೇ ನನ್ನ ಸಮಾಧಾನ.

“ಯಾವತ್ತ?”

“ಬುಧವಾರರಿ.”

“ತೊಡಿ ಮ್ಯಾಲ ಕುಂದರಿಸಿಕೊಂಡಿದ್ರ್ಯೋ, ಮಣಿ ಮ್ಯಾಲೋ?”

“ತೊಡಿ ಮ್ಯಾಲರಿ.”

“ಯಾ ದಿಕ್ಕಿಗೆ ಮಾರಿ ಮಾಡಿ?”

“ಪೂರ್ವಕ್ರಿ.”

“ಎಲಿ ಹಿಡದಿದ್ರಿ?”

“ಹಿಡದಿದ್ನಿರಿ.”

ಒಂದು ಸುಳ್ಳಿಗೆಂದು ಬಾಯಿ ತೆರೆದವನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಒಂದು ಸಮಾರಂಭವನ್ನೇ ಸೃಷ್ಟಿಸಿದ್ದೆ. ಇಷ್ಟು ವರ್ಷಗಳಲ್ಲಿ ಯಾವ ಅಧಿಕಾರಿಯನ್ನೂ ನಾನು ಹೀಗೆ ಸಂದಿ ಬಿಡದೆ ಪ್ರಶ್ನಿಸಿಲ್ಲ ಎಂದು ಅನ್ನಿಸಿ, ಅಂಥ ಹೊತ್ತಿನಲ್ಲೂ ಆ ಹೆಂಗಸಿನ ಬಗ್ಗೆ ವೃತ್ತಿಪರ ಗೌರವ ಮೂಡಿತು.

“ಹಂಗಾರ ಇಲ್ಲೀತನಕ ತಡಿಯಾಕ ಏನ ಧಾಡಿ ಆಗಿತ್ತ್ರಿ ಬೀಗ್ರ?” ಎಂದರು. “ಪೇಪರಿನವರಿಗೆ ಎಲ್ಲಾರಕಿಂತ ಮೊದಲ ನಾವು ಅನ್ನೂ ಚಟ. ಮನಿ ಕಾರ್ಯಾದಾಗೂ ಅದನ್ನ ತೋರಸಬೇಕೇನು?”

ಸುತ್ತ ನಿಂತವರು ನಕ್ಕರು. ನಮ್ಮ ಇಡೀ ವೃತ್ತಿಯ ಮೇಲೆ, ಮಾಡದ ಅಪರಾಧಕ್ಕಾಗಿ ಬಂದ ಆ ಮಾತನ್ನು ನಾನು ತಲೆ ತಗ್ಗಿಸಿ ಕೇಳಿದೆ. ಗೀತಾ ಅರಿಷಿಣದ ಬಟ್ಟೆಯ ಗಂಟನ್ನು ಅತ್ತೆಯ ಕೈಗೆ ಕೊಟ್ಟಳು. ನೀಲವ್ವನವರು ಗಂಟು ಬಿಚ್ಚಿ, ಗೊಂಚಲನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಮುಖಂಡರ ಹಣೆ ಕಂಡೀತೆಂದು ನಾನು ಬಿಸಿಲಿಗೆ ಅಡ್ಡ ನಿಂತೆ. ಅವರಿಗೆ ಕಂಡದ್ದು ಬೇರೆ.

“ಗಾಜಿನ ಪೆಟ್ಟಿಗ್ಯಾಗ ಇದ್ದಾಗ ಮೈ ಅನ್ನೂದ ಇದ್ದಿಲ್ಲ. ಅಂಗೈಯಷ್ಟ ಇತ್ತು. ಹೊರಗಿಂದ ನನಗ ಕಂಡಿದ್ದ ಇಷ್ಟು, ಈ ಕೂದಲಾ” ಎಂದು ತಮ್ಮಷ್ಟಕ್ಕೇ ಹೇಳಿಕೊಂಡು, ಗಂಟನ್ನು ಮತ್ತೆ ಕಟ್ಟಿ ಸೆರಗಿನಲ್ಲಿ ಸಿಕ್ಕಿಸಿಕೊಂಡರು. ಆ ಕ್ಷಣದಲ್ಲಿ, ನಿಜ ಹೇಳದೇ ಇದ್ದದ್ದು ಒಳ್ಳೆಯದಾಯಿತು ಎಂದು ನನಗೂ ಅನ್ನಿಸಿತು. ಆ ಭಾವನೆ ಹೆಚ್ಚು ಹೊತ್ತು ಉಳಿಯಲಿಲ್ಲ, ಏಕೆಂದರೆ ಅವರು ತೀರ್ಪು ಕೊಟ್ಟರು.

“ಆತು. ಮಾವ ಹಚ್ಚ್ಯಾನ, ಶಾಸ್ತ್ರ ತಪ್ಪಿಲ್ಲ. ಆದ್ರ ತಾಯಿ ಮುಂದ ಹಚ್ಚಬೇಕಾದ್ದನ್ನ ಮನ್ಯಾಗ ಹಚ್ಚ್ಯಾನ, ಅದಕ್ಕ ತಪ್ಪುಗಾಣಿಕಿ ಕೊಡಬೇಕು. ಅಜ್ಜಾರ ಮಗ್ಗಲಕ್ಕ ಕುಂತ ನೀವೂ ತಲಿ ಕೊಡ್ರಿ ಬೀಗ್ರ.”

ನಾನು ಗೀತಾಳತ್ತ ನೋಡಿದೆ. ಎರಡು ದಿನಗಳಿಂದ ಬಾಡಿದ್ದ ಅವಳ ಮುಖ ಆಗಲೇ ಅರಳಿತ್ತು. ಅಲ್ಲಿಂದ ಸಹಾಯ ಬರುವಂತಿರಲಿಲ್ಲ. ಶೋಭಾಳತ್ತ ನೋಡಿದೆ. “ತಗಸ್ರಿ. ಹೆಂಗೂ ಕಟಿಂಗ್ ಮಾಡಿಸಿ ಭಾಳ ದಿನ ಆಗಿತ್ತು” ಎಂದಳು.

ಹೀಗೆ ನಾನು, ನನ್ನದಲ್ಲದ ತಪ್ಪಿಗೆ, ಎರಡು ವರ್ಷದವನ ಪಕ್ಕದಲ್ಲಿ ಪಂಚೆ ಹೊದ್ದು ಕುಳಿತೆ. ಅಜ್ಜಾರು ಅಳಲಿಲ್ಲ, ಕೊಸರಾಡಲಿಲ್ಲ. ನನ್ನ ತಲೆಯ ಮೇಲೆ ಕತ್ತಿ ಆಡುವುದನ್ನು ಬಾಯಿ ತೆರೆದು ನೋಡುತ್ತ, ತಮ್ಮ ತಲೆ ಯಾವಾಗ ಮುಗಿಯಿತೆಂಬುದನ್ನೂ ಮರೆತಿದ್ದರು. ಮುಗಿದ ಮೇಲೆ ಎದ್ದು ಬಂದು ನನ್ನ ಬೋಳು ತಲೆಯನ್ನು ಎರಡೂ ಅಂಗೈಯಿಂದ ಒತ್ತಿ ನೋಡಿದರು. ಆಮೇಲೆ ಅಜ್ಜಿಯ ಕಡೆ ತಿರುಗಿ, ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳಿದರು:

“ಮಾಮಾ ಅಲ್ಲ. ನಾ ಕಚಕ್ ಮಾಡೀನಿ. ಅಂಟ ಹಚ್ಚೀನಿ. ಆ ಮುತ್ಯಾಗ ಕೂದಲಾ ಇದ್ದಿಲ್ಲ.”

ಮುತ್ಯಾ ಎಂದರೆ ಚಿತ್ರದಲ್ಲಿದ್ದ ಆ ಹಿರಿಯ ಮುಖಂಡರು. ಏನಾಯಿತು, ಯಾರು ಮಾಡಿದರು, ಹೇಗೆ, ಯಾಕೆ, ಎಲ್ಲವೂ ಅದರಲ್ಲಿತ್ತು. ನನ್ನ ಎದೆ ಹಗುರಾಯಿತು. ನೀಲವ್ವನವರು ಮೊಮ್ಮಗನನ್ನು ಎತ್ತಿಕೊಂಡರು. ಅವರ ಕಣ್ಣಲ್ಲಿ ನೀರು ಬಂದಿತ್ತು.

“ನೋಡ್ರವ್ವಾ, ಮಾವನ ಮ್ಯಾಲ ಬಂದ ತಪ್ಪನ್ನ ತಮ್ಮ ಮ್ಯಾಲ ಹಾಕ್ಕೊಳ್ಳಾಕತ್ತಾರ! ಥೇಟ ನಮ್ಮ ಮನಿಯವರ! ಯಾರ ತಪ್ಪ ಮಾಡಿದ್ರೂ ‘ನಂದು’ ಅಂತ ಮುಂದ ಬಂದ ನಿಲ್ಲತಿದ್ರು. ಅದ ಗುಣ, ಅದ ಮಾತು!”

“ಅಲ್ಲಾ! ನಾನಾ!” ಎಂದು ಅಜ್ಜಾರು ಅಜ್ಜಿಯ ಸೊಂಟದ ಮೇಲಿಂದಲೇ ಕಾಲು ಬಡಿದರು. ತಮ್ಮ ಕೆಲಸದ ಶ್ರೇಯಸ್ಸು ಬೇರೆಯವರಿಗೆ ಹೋಗುತ್ತಿದೆಯೆಂಬ ಸಿಟ್ಟು ಮುಖದಲ್ಲಿ ಕೆಂಪಾಗಿತ್ತು. ಗೀತಾಳ ಮುಖ ಮತ್ತೆ ಬಿಳಿಚಿಕೊಂಡಿತು. ಅಜ್ಜಾರು ಉಸಿರೆಳೆದುಕೊಂಡು, ಈ ಸಲ ಇನ್ನಷ್ಟು ವಿವರವಾಗಿ ಹೇಳಲು ಶುರು ಮಾಡಿದರು: “ಅವ್ವ ಒಳಗ ಶೇಂಗಾ...”

ಘಟನೆಯನ್ನು ಕಣ್ಣಾರೆ ಕಂಡ ಒಬ್ಬನೇ ಒಬ್ಬ ಸಾಕ್ಷಿ, ಯಾರ ಒತ್ತಡವೂ ಇಲ್ಲದೆ, ಹತ್ತು ಜನರ ಮುಂದೆ ಹೇಳಿಕೆ ಕೊಡುತ್ತಿದ್ದ. ಅಂಥ ಸಾಕ್ಷಿಗಾಗಿ ನಾನು ಎಷ್ಟೋ ಕಚೇರಿಗಳ ಹೊರಗೆ ಇಡೀ ದಿನ ಬಿಸಿಲಿನಲ್ಲಿ ನಿಂತವನು. ಶೋಭಾ ತಂದಿದ್ದ ಡಬ್ಬಿಯಿಂದ ಇಡೀ ಪೇಡೆಯೊಂದನ್ನು ತೆಗೆದು ಅವನ ಬಾಯಿಗೆ ತುರುಕಿ ಮಾತು ನಿಲ್ಲಿಸಿದವನು ನಾನೇ. ಅವನು ಅದನ್ನು ಅವಸರದಲ್ಲಿ ನುಂಗಿ ಮತ್ತೆ ಬಾಯಿ ತೆರೆದ. ನಾನು ಇನ್ನೊಂದನ್ನು ತುರುಕಿದೆ.